ಹಿಂದಿನ ಸಾಲು ಖಾಲಿ ಬಿಡಬೇಡಿ!

ಕೊಡಗಿನ ಹಾಕಿ ಬಂಧುಗಳಲ್ಲಿ ಒಂದು ವಿನಂತಿ

ಒಕ್ಕದ ಪಟ್ಟೆದಾರರೇ, ತಂಡದ ನಾಯಕರೇ, ಮಕ್ಕಳನ್ನು ಮೈದಾನಕ್ಕೆ ಕರೆತರುವ ತಂದೆ ತಾಯಂದಿರೇ,

1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬ ತಂಡಗಳನ್ನು ಸೇರಿಸಿ ಶುರುಮಾಡಿದ ಕೊಡವ ಹಾಕಿ ಹಬ್ಬ, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳೊಂದಿಗೆ ಗಿನ್ನೆಸ್ ದಾಖಲೆಗೆ ಸೇರಿತು. ಹೆಮ್ಮೆಪಡೋಣ. ಇನ್ನೊಂದು ಲೆಕ್ಕವನ್ನೂ ನೋಡೋಣ. 2016ರ ರಿಯೊ ಒಲಿಂಪಿಕ್ಸ್‌ಗೆ ಹೋದ ಭಾರತ ಪುರುಷರ ತಂಡದಲ್ಲಿ ನಮ್ಮವರು ನಾಲ್ವರಿದ್ದರು: ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ. ಟೋಕಿಯೊಗೆ ಒಬ್ಬರೂ ಇಲ್ಲ. ಪ್ಯಾರಿಸ್‌ಗೂ ಇಲ್ಲ. ಎರಡು ಸಲವೂ ಭಾರತ ಕಂಚು ಗೆದ್ದಿತು. ನಾವು ಟಿವಿ ಮುಂದೆ ಕೂತು ಚಪ್ಪಾಳೆ ತಟ್ಟಿದೆವು.

ಆ ನಾಲ್ವರಲ್ಲಿ ಡಿಫೆಂಡರ್ ರಘುನಾಥ್ ಒಬ್ಬರೇ. ಅವರ ಜಾಗಕ್ಕೆ ನಾವು ಯಾರನ್ನು ತಯಾರು ಮಾಡಿದ್ದೇವೆ?

ಪ್ಯಾರಿಸ್ ಕಲಿಸಿದ ಪಾಠ

2024ರ ಕ್ವಾರ್ಟರ್ ಫೈನಲ್. ಎದುರಾಳಿ ಬ್ರಿಟನ್. 17ನೇ ನಿಮಿಷದಲ್ಲಿ ಡಿಫೆಂಡರ್ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ಉಳಿದ ನಲವತ್ತಕ್ಕೂ ಹೆಚ್ಚು ನಿಮಿಷ ಹತ್ತೇ ಜನ ಆಡಿ 1-1ಕ್ಕೆ ಹಿಡಿದು ನಿಲ್ಲಿಸಿದರು, ಶೂಟೌಟ್‌ನಲ್ಲಿ ಗೆದ್ದರು. ಅಮಾನತಾದ ರೋಹಿದಾಸ್ ಸೆಮಿಫೈನಲ್‌ಗೆ ಇರಲಿಲ್ಲ. ಜರ್ಮನಿ 3-2ರಿಂದ ಗೆದ್ದಿತು. ಅವರೊಬ್ಬರಿದ್ದಿದ್ದರೆ ಗೆಲ್ಲುತ್ತಿದ್ದೆವೆಂದು ಯಾರೂ ಪ್ರಮಾಣ ಮಾಡಲಾರರು. ಆದರೆ ಕೆಂಪು ಕಾರ್ಡಷ್ಟೇ ಅಲ್ಲ, ಹಸಿರು ಕಾರ್ಡ್ ಬಂದರೂ 2 ನಿಮಿಷ, ಹಳದಿಯಾದರೆ ಕನಿಷ್ಠ 5 ನಿಮಿಷ ಒಬ್ಬ ಹೊರಗೆ ಕೂರಲೇಬೇಕು. ಮಂಡಿ ನೋವು, ಪರೀಕ್ಷೆ, ರಜೆ ಸಿಗದ ನೌಕರಿ ಬೇರೆ. ಎರಡನೆಯ, ಮೂರನೆಯ ಫುಲ್‌ಬ್ಯಾಕ್ ತಯಾರಿಲ್ಲದ ತಂಡ ಅರ್ಧ ತಂಡ.

ಹಿಂದೆ ನಿಲ್ಲುವವನ ಬೆಲೆ

ನಮ್ಮ ಮೈದಾನಗಳಲ್ಲಿ ಓಡಲಾಗದವನನ್ನು "ನೀನು ಹಿಂದೆ ನಿಲ್ಲಪ್ಪ" ಎನ್ನುತ್ತೇವೆ. 2024ರ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಅತಿ ಹೆಚ್ಚು ಹಣ, 78 ಲಕ್ಷ ರೂಪಾಯಿ, ಸಿಕ್ಕಿದ್ದು ಯಾರಿಗೆ? ಡಿಫೆಂಡರ್ ಹರ್ಮನ್‌ಪ್ರೀತ್ ಸಿಂಗ್‌ಗೆ. ಹಿಂದೆ ನಿಲ್ಲುವವನೇ ಡ್ರ್ಯಾಗ್ ಫ್ಲಿಕ್ ಹೊಡೆದು ಗೋಲೂ ಗಳಿಸುವ ಕಾಲವಿದು.

ಪೆನಾಲ್ಟಿ ಕಾರ್ನರ್‌ನಲ್ಲಿ ಮೊದಲು ನುಗ್ಗುವ ಹುಡುಗನನ್ನು ಗಮನಿಸಿ. ಮುಖಕ್ಕೆ ಮಾಸ್ಕ್, ಕೋಲು ನೆಲಕ್ಕೆ ತಾಗಿಸಿ, ಫ್ಲಿಕ್ ಮಾಡುವವನ ಕಾಲಿಗೇ ಓಡುತ್ತಾನೆ. ಚೆಂಡು ಮೊಣಕಾಲಿಗೆ ಬಡಿಯುತ್ತದೆ. ಎದ್ದು ಮತ್ತೆ ಗೆರೆಗೆ ಹೋಗಿ ನಿಲ್ಲುತ್ತಾನೆ. ಅವನ ಹೆಸರು ಮೈಕಿನಲ್ಲಿ ಬರುವುದಿಲ್ಲ, ಬಹುಮಾನವೂ ಇಲ್ಲ. ಮುಂದಿನ ವರ್ಷ ಅವನೂ ಫಾರ್ವರ್ಡ್ ಆಡುತ್ತೇನೆ ಎಂದರೆ ತಪ್ಪು ಯಾರದು?

ಆದ್ದರಿಂದ ನಮ್ಮ ಕೋರಿಕೆ:

1. ಪ್ರತಿ ತಂಡದ ಹಿಂದಿನ ಸಾಲಿನಲ್ಲಿ 18 ವರ್ಷ ದಾಟದ ಒಬ್ಬರಾದರೂ ಆಡಲಿ. ಬೆಂಚಿನ ಮೇಲೆ ಕೂರಿಸಿ ಫೋಟೋ ತೆಗೆಸಿದರೆ ಸಾಲದು. 2024ರ ಹರಾಜಿನಲ್ಲಿ ಹಾಕಿ ಇಂಡಿಯಾ ಲೀಗ್‌ನ ನಿಯಮವೇ 24 ಆಟಗಾರರಲ್ಲಿ ನಾಲ್ವರು ಜೂನಿಯರ್‌ಗಳು ಕಡ್ಡಾಯ ಎಂದಿತ್ತು. ನಮಗೇಕೆ ಆಗದು?

2. ಟಾಪ್ ಸ್ಕೋರರ್‌ಗೆ ಕೊಡುವಷ್ಟೇ ಮೊತ್ತದ ಬಹುಮಾನ ಉತ್ತಮ ಡಿಫೆಂಡರ್‌ಗೂ ಉತ್ತಮ ಗೋಲ್‌ಕೀಪರ್‌ಗೂ ಇರಲಿ. ಭಾರತದ ಗೋಲ್‌ಕೀಪರ್ ಆಗಿದ್ದ ಎ.ಬಿ. ಸುಬ್ಬಯ್ಯನವರ ನಾಡಿದು.

3. ಒಕ್ಕದ ಖರ್ಚಿನಲ್ಲಿ ಒಂದು ಕೀಪರ್ ಕಿಟ್, ನಾಲ್ಕು ಮಾಸ್ಕ್ ಕೊಂಡು ಐನ್‌ಮನೆಯಲ್ಲಿ ಇಡಿ. ಕಿಟ್ ಇಲ್ಲವೆಂದು ಯಾವ ಮಗುವೂ ಹಿಂಜರಿಯಬಾರದು.

4. ನಿವೃತ್ತ ಫುಲ್‌ಬ್ಯಾಕ್‌ಗಳೇ, ಭಾನುವಾರ ಬೆಳಿಗ್ಗೆ ಒಂದು ಗಂಟೆ ಮೈದಾನಕ್ಕೆ ಬನ್ನಿ. ಎಲ್ಲಿ ನಿಲ್ಲಬೇಕು, ಯಾವಾಗ ಟ್ಯಾಕಲ್‌ಗೆ ಇಳಿಯಬಾರದು ಎನ್ನುವುದನ್ನು ನಿಮ್ಮಷ್ಟು ಚೆನ್ನಾಗಿ ಹೇಳಿಕೊಡುವವರು ಬೇರೆ ಯಾರಿದ್ದಾರೆ?

5. ಹೆತ್ತವರೇ, ಹೀಗೆ ಬೆಳೆದ ಮಕ್ಕಳಿಗೆ ಕರಾರು ಬಂದರೆ ಓದದೆ ಸಹಿ ಹಾಕಬೇಡಿ. ಲೀಗ್ ತಂಡವಿರಲಿ, ರೈಲ್ವೆ, ಬ್ಯಾಂಕ್, ತೈಲ ಕಂಪನಿಯ ಸ್ಟೈಪೆಂಡ್ ಇರಲಿ, ನಾಲ್ಕು ಪ್ರಶ್ನೆ ಕೇಳಿ: ಎಷ್ಟು ವರ್ಷ? ಗಾಯವಾದರೆ ಚಿಕಿತ್ಸೆ ಯಾರದು, ಹಣ ನಿಲ್ಲುತ್ತದೆಯೇ? ಓದಿಗೆ, ಪರೀಕ್ಷೆಗೆ ಬಿಡುವುಂಟೇ? ನಡುವೆ ಬಿಟ್ಟು ಹೋಗಬೇಕೆಂದರೆ ಏನು? ಉತ್ತರ ಕಾಗದದ ಮೇಲಿರಲಿ. ಬಾಯಿಮಾತು ಬೇಡ. ಒಕ್ಕದಲ್ಲಿ ವಕೀಲರಿದ್ದರೆ ಅವರಿಗೆ ತೋರಿಸಿ. ಇಲ್ಲದಿದ್ದರೆ ಪಕ್ಕದ ಒಕ್ಕದವರಿಗೆ.

ಟರ್ಫ್ ಬೇಕು, ಸರ್ಕಾರ ಕೊಡಬೇಕು, ಕೇಳುತ್ತಲೇ ಇರೋಣ. ಮೇಲಿನ ಐದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಡ.

ಈ ವರ್ಷದ ಹಬ್ಬ ಮುಗಿದು ಮನೆಗೆ ಹೊರಡುವ ಮೊದಲು, ನಿಮ್ಮ ಒಕ್ಕದಲ್ಲಿ ಹಿಂದೆ ಆಡಬಲ್ಲ ಇಬ್ಬರು ಮಕ್ಕಳ ಹೆಸರನ್ನು ಈ ಚೀಟಿಯ ಹಿಂಬದಿಯಲ್ಲಿ ಬರೆದು ಪಟ್ಟೆದಾರರ ಕೈಗೆ ಕೊಡಿ. ಮುಂದಿನ ವರ್ಷ ಮೊದಲ ಪಂದ್ಯದ ದಿನ ಆ ಹೆಸರುಗಳು ತಂಡದ ಪಟ್ಟಿಯಲ್ಲಿವೆಯೇ ಎಂದು ನೀವೇ ಕೇಳಿ.

ಓದಿ, ಪಕ್ಕದವರಿಗೆ ಕೊಡಿ.

ಇಂತಿ,
ಕೆಲವು ಹಳೆಯ ಫುಲ್‌ಬ್ಯಾಕ್‌ಗಳು