ಊದಿದ ಮುಖವನ್ನು ಮುಚ್ಚಿಡಬೇಡಿ

ಬ್ರಾಂಪ್ಟನ್, ಮಿಸ್ಸಿಸಾಗಾದ ಗೋದಾಮುಗಳಲ್ಲಿ ದುಡಿಯುವ ನಮ್ಮವರಲ್ಲಿ ಒಂದು ಅಭ್ಯಾಸ ಉಂಟು. ಪೆಟ್ಟಿಗೆ ಜಾರಿ ಮುಖಕ್ಕೆ ಬಡಿದರೂ, ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಕೆನ್ನೆ ಊದಿದರೂ "ಎಂತ ಇಲ್ಲ, ಸಣ್ಣ ಪೆಟ್ಟು" ಅಂತ ಶಿಫ್ಟ್ ಮುಗಿಸುವುದು. ಉಮ್ಮನಿಗೆ ಗೊತ್ತಾಗಬಾರದೆಂದು ವಾರವಿಡೀ ವಿಡಿಯೋ ಕಾಲ್ ಮಾಡದಿರುವುದು. ಇದನ್ನು ನಾವು ಧೈರ್ಯ ಅಂತ ಒಪ್ಪುವುದಿಲ್ಲ.

ಎಲ್ಲ ಊತವೂ ಅಪಾಯವಲ್ಲ ನಿಜ. ಎರಡು ಮೂರು ದಿನ ಏರಿ, ಆಮೇಲೆ ಇಳಿಯುವುದು ಸಾಮಾನ್ಯ. ಐಸನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಿ, ತಲೆ ಎತ್ತರಿಸಿ ಮಲಗಿ. ಎಣ್ಣೆ ಹಾಕಿ ತಿಕ್ಕಬೇಡಿ.

ಆದರೆ ಒಂದು ವಸ್ತು ಎರಡಾಗಿ ಕಂಡರೆ, ಕಣ್ಣು ಸರಿಯಾಗಿ ಆಡದಿದ್ದರೆ, ಹಲ್ಲು ಮೊದಲಿನಂತೆ ಕೂಡದಿದ್ದರೆ, ಕೆನ್ನೆ ಮರಗಟ್ಟಿದರೆ ಮೂಳೆ ಮುರಿದಿರಬಹುದು. ಅದೇ ದಿನ ಎಮರ್ಜೆನ್ಸಿಗೆ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರ ತಲೆಗೆ ಪೆಟ್ಟಾದರೂ ಹಾಗೆಯೇ. ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಮಾತು ತೊದಲಿದರೆ, ಮೂಗು ಕಿವಿಯಿಂದ ನೀರಿನಂಥದ್ದು ಸೋರಿದರೆ, ಉಸಿರಾಡಲು ಕಷ್ಟವಾದರೆ, ದೃಷ್ಟಿ ಮಂಜಾದರೆ 911ಕ್ಕೆ ಕರೆ ಮಾಡಿ. ಕೆಲವು ದಿನದ ನಂತರ ಊತ ಕೆಂಪಾಗಿ ಜ್ವರ ಬಂದರೂ ಡಾಕ್ಟರಿಗೆ ತೋರಿಸಿ. ಸಂಶಯವಿದ್ದರೆ 811, ದಿನದ 24 ಗಂಟೆಯೂ ನರ್ಸ್ ಉಚಿತವಾಗಿ ಮಾತಾಡುತ್ತಾರೆ.

ನಮ್ಮವರನ್ನು ತಡೆಯುವುದು ಅಜ್ಞಾನ ಅಲ್ಲ, ಬಿಲ್ಲಿನ ಮತ್ತು ಕೆಲಸದ ಹೆದರಿಕೆ. ಅದಕ್ಕೇ ಹೇಳುತ್ತೇವೆ: ಕೆಲಸದಲ್ಲಿ ಆದ ಪೆಟ್ಟಿಗೆ ಒಂಟಾರಿಯೊದಲ್ಲಿ ಡಬ್ಲ್ಯೂಎಸ್‌ಐಬಿ ವಿಮೆ ಉಂಟು. ಅದರಡಿ ಬರುವ ಕಂಪನಿಯಲ್ಲಿ ನೀವಿದ್ದರೆ, ವರ್ಕ್ ಪರ್ಮಿಟ್‌ನವರಾದರೂ, ಓಹಿಪ್ ಕಾರ್ಡ್ ಇಲ್ಲದಿದ್ದರೂ, ಕ್ಲೇಮ್ ಒಪ್ಪಿದರೆ ಚಿಕಿತ್ಸೆಯ ಖರ್ಚು ಅದೇ ಕೊಡುತ್ತದೆ. ಡಾಕ್ಟರ ಹತ್ತಿರ "ಕೆಲಸದಲ್ಲಿ ಆದ ಪೆಟ್ಟು" ಅಂತಲೇ ಹೇಳಿ. ಏಜೆನ್ಸಿ ಮೂಲಕ ಹೋದವರಿಗೆ ಮಾಲಕ ಏಜೆನ್ಸಿಯೇ. ಡಾಕ್ಟರ ಚಿಕಿತ್ಸೆ ಬೇಕಾದ ಪೆಟ್ಟನ್ನು ಮಾಲಕರು 3 ಕೆಲಸದ ದಿನಗಳೊಳಗೆ ವರದಿ ಮಾಡಬೇಕು. ನಿಮ್ಮ ಕ್ಲೇಮ್‌ಗೆ 6 ತಿಂಗಳು ಅವಕಾಶ. ಲಾರಿ ಓಡಿಸುವವರನ್ನು ಸ್ವಂತ ಕಂಪನಿಯ ಹೆಸರಿನಲ್ಲಿ ಇಟ್ಟುಕೊಂಡಿದ್ದರೆ ವಿಮೆ ಉಂಟಾ ಇಲ್ಲವಾ ಅಂತ ಇವತ್ತೇ ಕೇಳಿ ತಿಳಿಯಿರಿ.

ಕ್ಲೇಮ್ ಹಾಕಬೇಡ ಅಂತ ಬೆದರಿಸುವುದು ಕಾನೂನಿಗೆ ವಿರುದ್ಧ. ಆದರೂ ಶಿಫ್ಟ್ ಕಡಿಮೆಯಾಗುವ ಹೆದರಿಕೆ ಸುಳ್ಳಲ್ಲ, ನಮಗೂ ಗೊತ್ತು. ಹಾಗಾಗಿ ಪೆಟ್ಟಾದ ತಕ್ಷಣ ಸೂಪರ್‌ವೈಸರ್‌ಗೆ ಮೆಸೇಜ್ ಹಾಕಿ; ಮುಖದ ಫೋಟೋ ತೆಗೆಯಿರಿ; ಸಮಯ, ನೋಡಿದವರ ಹೆಸರು ಬರೆದಿಡಿ. ಮುಚ್ಚಿಟ್ಟ ಪೆಟ್ಟಿಗೆ ನಾಳೆ ಸಾಕ್ಷಿ ಸಿಗುವುದಿಲ್ಲ.

ತವಕ್ಕುಲ್ ಅಂದರೆ ಮದ್ದು ಮಾಡದೆ ಕೂರುವುದಲ್ಲ. ಮಾಡಬೇಕಾದ್ದನ್ನು ಮಾಡಿ ಅಲ್ಲಾಹನ ಮೇಲೆ ಭರವಸೆ ಇಡುವುದು. ಒಂದೇ ರೂಮಿನಲ್ಲಿ ಇರುವ ಸಹೋದರರೇ, ಮುಖ ಊದಿಸಿಕೊಂಡು ಬಂದವನಿಗೆ "ಮಲಗು, ಸರಿಯಾಗ್ತದೆ" ಅನ್ನುವ ಮೊದಲು ಈ ಲಕ್ಷಣಗಳನ್ನು ಒಂದೊಂದಾಗಿ ಕೇಳಿ. 911ರ ಲಕ್ಷಣ ಒಂದಾದರೂ ಇದ್ದರೆ ತಕ್ಷಣ 911ಕ್ಕೆ ಕರೆ ಮಾಡಿ; ಎಮರ್ಜೆನ್ಸಿಯ ಬೇರೆ ಲಕ್ಷಣ ಇದ್ದರೆ ತಡಮಾಡಬೇಡಿ, ಕಾರು ಹೊರಡಿಸಿ. ಒಂದು ಶಿಫ್ಟಿನ ಸಂಬಳ ಮತ್ತೆ ದುಡಿಯಬಹುದು, ಕಣ್ಣನ್ನು ದುಡಿಯಲಿಕ್ಕಾಗುವುದಿಲ್ಲ.