ಗಿರಣಿ ಜೋಳ ಹಸನು ಮಾಡೋದಿಲ್ಲ

ಈ ಸಲದ ಅಂಕಣ ನಮ್ಮ ಕಸುಬಿನದು. ಕೋಡಿಂಗ್ ಅಂದ ಕೂಡಲೇ ಪುಟ ಸರಿಸಿ ಮುಂದೆ ಹೋಗಬೇಡಿ. ನಮ್ಮ ಹಂಪಸಾಗರದಂಥ ಊರುಗಳಲ್ಲೂ ಈಗ ಓಣಿಗೊಬ್ಬರು ಇಂಜಿನಿಯರಿಂಗ್ ಇಲ್ಲವೇ ಡಿಪ್ಲೊಮಾ ಓದುವ ಮಕ್ಕಳಿದ್ದಾರೆ. ಅವರು ಬರೆದ ಪ್ರೋಗ್ರಾಮು ಅಂಗಡಿಯ ಲೆಕ್ಕ ಮಾಡುತ್ತೆ, ಹಾಲಿನ ಡೇರಿಯ ಲೆಕ್ಕ ಮಾಡುತ್ತೆ, ಸಂಘದ ಸಾಲದ ಬಡ್ಡಿ ಹಾಕುತ್ತೆ. ಆ ಲೆಕ್ಕ ತಪ್ಪಿದರೆ ಹೋಗೋದು ನಮ್ಮ ನಿಮ್ಮ ರೊಕ್ಕವೇ. ಹಾಗಾಗಿ ಆ ಮಕ್ಕಳು ತಪ್ಪನ್ನು ಹೇಗೆ ಹಿಡೀತಾರೆ, ಎಲ್ಲಿ ಕೈಬಿಡ್ತಾರೆ ಅನ್ನೋದು ಮನೆಯವರಿಗೂ ಅಷ್ಟಿಷ್ಟು ಗೊತ್ತಿದ್ದರೆ ಒಳ್ಳೇದು.

ಜೋಳದ ಹಿಟ್ಟು ಹಾಕಿಸೋದು ನಮ್ಮ ಕಡೆ ಎಲ್ಲರಿಗೂ ಗೊತ್ತಿರೋ ಕೆಲಸ. ಮೊದಲು ಜೋಳ ಹಸನು ಮಾಡಬೇಕು. ಮೊರದಲ್ಲಿ ಕೇರಿ, ಹೊಟ್ಟು ಹಾರಿಸಿ, ಹರಳು ಆರಿಸಬೇಕು. ಆಮೇಲೆ ಗಿರಣಿಗೆ ಒಯ್ಯಬೇಕು. ಗಿರಣಿ ತಾನಾಗಿ ಏನನ್ನೂ ಆರಿಸೋದಿಲ್ಲ. ಹಾಕಿದ್ದನ್ನು ಬೀಸಿ ಕೊಡೋದಷ್ಟೇ ಅದರ ಕೆಲಸ. ಹರಳಿದ್ದರೆ ಹರಳೂ ಹಿಟ್ಟಾಗುತ್ತೆ. ಗೊತ್ತಾಗೋದು ರೊಟ್ಟಿ ತಿನ್ನುವಾಗ, ಹಲ್ಲಿಗೆ ಕರಕರ ಅಂದಾಗ.

ಕೋಡಿನಲ್ಲೂ ಈ ಎರಡು ಕೆಲಸ ಬೇರೆ ಬೇರೆ. ನಾವು ಬರೆದ ಹತ್ತಾರು ಫೈಲುಗಳನ್ನು ಕೂಡಿಸಿ, ಬ್ರೌಸರಿಗೆ ಅರ್ಥವಾಗುವಂತೆ ಮಾಡಿ ಗಂಟು ಕಟ್ಟಿ ಕೊಡುವ ಸಾಧನಕ್ಕೆ ಬಂಡ್ಲರ್ ಅಂತಾರೆ. ಇದು ಗಿರಣಿ. ಸಂಖ್ಯೆ ಇರಬೇಕಾದ ಕಡೆ ಸಂಖ್ಯೆಯೇ ಇದೆಯಾ, ಹೆಸರು ಇರಬೇಕಾದ ಕಡೆ ಹೆಸರೇ ಇದೆಯಾ ಅಂತ ನೋಡೋದು ಟೈಪ್ ತಪಾಸಣೆ. ಇದು ಹಸನು ಮಾಡೋ ಕೆಲಸ. ‘ಬಿಲ್ಡ್ ಪಾಸ್ ಆಯ್ತು’ ಅಂದರೆ ಹಿಟ್ಟು ಬಂತು ಅಂತ ಮಾತ್ರ. ಹರಳು ಆರಿಸಿದ್ದಾರೋ ಇಲ್ಲವೋ ಅನ್ನೋದು ಬೇರೆ ಪ್ರಶ್ನೆ.

ಇದು ಯಾಕೆ ಹೀಗಾಯ್ತು ಅಂತ ಸ್ವಲ್ಪ ಹಿಂದಿನಿಂದ ಹೇಳ್ತೀನಿ. ಬ್ರೌಸರಿನ ಭಾಷೆ ಜಾವಾಸ್ಕ್ರಿಪ್ಟ್. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಅದರ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಕಟ್ಟಿದರು. ತುಂಬಾ ಸಡಿಲ ಭಾಷೆ. ಅಕ್ಷರಗಳ ರೂಪದಲ್ಲಿರುವ ‘4’ಕ್ಕೆ ಅಕ್ಷರಗಳ ರೂಪದಲ್ಲಿರುವ ‘2’ ಕೂಡಿಸು ಅಂದರೆ 6 ಅನ್ನೋದಿಲ್ಲ, ಪಕ್ಕಪಕ್ಕ ಅಂಟಿಸಿ ‘42’ ಅನ್ನುತ್ತೆ. ತಮಾಷೆ ಅಂದರೆ, ಅದೇ ಎರಡನ್ನು ಗುಣಿಸು ಅಂದರೆ ಸುಮ್ಮನೆ ಸಂಖ್ಯೆ ಮಾಡಿಕೊಂಡು 8 ಅಂತ ಸರಿಯಾಗಿಯೇ ಹೇಳುತ್ತೆ. ಕೂಡೋದರಲ್ಲಿ ಒಂದು ನ್ಯಾಯ, ಗುಣಿಸೋದರಲ್ಲಿ ಇನ್ನೊಂದು ನ್ಯಾಯ.

ಈ ಕಾಟ ತಪ್ಪಿಸೋಕೆ ಮೈಕ್ರೋಸಾಫ್ಟ್ 2012ರ ಅಕ್ಟೋಬರಿನಲ್ಲಿ ಟೈಪ್‌ಸ್ಕ್ರಿಪ್ಟ್ ಬಿಟ್ಟಿತು. ಅದರಲ್ಲಿ ‘ಇದು ಸಂಖ್ಯೆ’, ‘ಇದು ಅಕ್ಷರ’ ಅಂತ ಚೀಟಿ ಅಂಟಿಸಿ ಬರೀಬಹುದು. ಅದರ ಕಂಪೈಲರಿನ ಹೆಸರು ಟಿಎಸ್‌ಸಿ. ಅದು ಎರಡೂ ಕೆಲಸ ಮಾಡುತ್ತೆ. ಚೀಟಿಗಳನ್ನು ತಾಳೆ ನೋಡುತ್ತೆ, ಆಮೇಲೆ ಚೀಟಿ ಕಿತ್ತುಹಾಕಿ ಮಾಮೂಲಿ ಜಾವಾಸ್ಕ್ರಿಪ್ಟ್ ಕೊಡುತ್ತೆ. ಆದರೆ ತಾಳೆ ನೋಡೋಕೆ ಎಲ್ಲಾ ಫೈಲುಗಳನ್ನೂ ಒಟ್ಟಿಗೆ ಓದಬೇಕು. ದೊಡ್ಡ ಪ್ರಾಜೆಕ್ಟಾದರೆ ನಿಮಿಷಗಟ್ಟಲೆ ಕಾಯಬೇಕು. ಚೀಟಿ ಕೀಳೋದು ಹಾಗಲ್ಲ. ಒಂದೊಂದೇ ಫೈಲು ತಗೊಂಡು ಕಿತ್ತು ಬಿಸಾಕಬಹುದು, ಕ್ಷಣದ ಕೆಲಸ. 2020ರಲ್ಲಿ ಬಂದ ಇಎಸ್‌ಬಿಲ್ಡ್ ಮತ್ತು ವೀಟ್ ಅನ್ನೋ ಸಾಧನಗಳು ಹಿಡಿದದ್ದು ಈ ದಾರಿಯನ್ನೇ. ‘ವೀಟ್’ ಅನ್ನೋದು ಫ್ರೆಂಚ್ ಮಾತು, ಬೇಗ ಅಂತ ಅರ್ಥ. ಹೆಸರಿಗೆ ತಕ್ಕಂತೆ ಬೇಗ ಬೀಸುತ್ತೆ. ಟೈಪ್ ನೋಡೋದು ನನ್ನ ಕೆಲಸ ಅಲ್ಲ ಅಂತ ಅದರ ಕೈಪಿಡಿಯಲ್ಲೇ ಸ್ಪಷ್ಟವಾಗಿ ಬರೆದಿದ್ದಾರೆ. ಓದೋರು ಕಡಿಮೆ.

ಓದದಿದ್ದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಕಡೆಯದೇ ಒಂದು ಸಂಗತಿ ಹೇಳ್ತೀನಿ. ನಮ್ಮ ಸಂಬಂಧದಲ್ಲಿ ಡಿಪ್ಲೊಮಾ ಓದೋ ಹುಡುಗನೊಬ್ಬ ಮೆಕ್ಕೆಜೋಳ ಕೊಳ್ಳುವ ಒಂದು ಅಂಗಡಿಗೆ ಚೀಟಿ ಬರೆಯೋ ಪುಟ ಮಾಡಿಕೊಟ್ಟಿದ್ದ. ಮೊದಲ ಗಾಡಿಯಲ್ಲಿ ಎಷ್ಟು ಚೀಲ, ಎರಡನೇ ಗಾಡಿಯಲ್ಲಿ ಎಷ್ಟು ಚೀಲ, ಒಟ್ಟು ತೂಕ ಎಷ್ಟು, ದರ ಎಷ್ಟು, ಇಷ್ಟು ತುಂಬಿದರೆ ಲೆಕ್ಕ ಬರುತ್ತೆ. ಖಾಲಿ ಚೀಲದ ತೂಕ ಅಂತ ಚೀಲಕ್ಕೊಂದು ಕೆಜಿ ಕಳೆಯುತ್ತೆ. ಹುಡುಗ ನಾಲ್ಕಾರು ಸಲ ಲೆಕ್ಕ ಹಾಕಿ ನೋಡಿದ, ಸರಿ ಬಂತು. ಅಂಗಡಿಯವರೂ ಬಳಸೋಕೆ ಶುರು ಮಾಡಿದರು.

ಮೂರನೇ ದಿನ ಒಬ್ಬ ಅಜ್ಜಿ ಚೀಟಿ ಹಿಡಕೊಂಡು ವಾಪಸ್ ಬಂದಳು. ಮುಂಜಾನೆ ನಾಲ್ಕು ಚೀಲ, ಸಂಜೆ ಎರಡು ಚೀಲ ತಂದು ಹಾಕಿದ್ದಳು. ಒಟ್ಟು 360 ಕೆಜಿ, ಕೆಜಿಗೆ 22 ರೂಪಾಯಿ. ಆರು ಚೀಲಕ್ಕೆ ಆರು ಕೆಜಿ ಕಳೆದು 354 ಕೆಜಿಗೆ 7,788 ರೂಪಾಯಿ ಬರಬೇಕಿತ್ತು. ಚೀಟಿಯಲ್ಲಿ ಇದ್ದದ್ದು 6,996. ಅಜ್ಜಿಗೆ ಓದು ಬರಹ ಬರೋದಿಲ್ಲ, ಮೊಮ್ಮಗಳ ಕೈಲಿ ಓದಿಸಿದ್ದಳು. “ಆರು ಚೀಲಕ್ಕ ನಲವತ್ತೆರಡು ಕೆಜಿ ಹೆಂಗ ಕಳೀತೀರಪ್ಪ? ಚೀಲ ಏನು ಕಬ್ಬಿಣದ್ದಾ?” ಅಂತ ಕೇಳಿದಳು. ಅಂಗಡಿಯವರು ಒಳ್ಳೆಯವರು, ಕೂಡಲೇ ಕೈಲೆಕ್ಕ ಮಾಡಿ ಉಳಿದ 792 ರೂಪಾಯಿ ಕೊಟ್ಟರು. ಹುಡುಗನಿಗೂ ಫೋನ್ ಹೋಯ್ತು, ಅವನಿಂದ ನನಗೂ ಬಂತು.

ನಿಮಗೆ ಈಗಾಗಲೇ ಹೊಳೆದಿರಬೇಕು. ಪುಟದ ಖಾನೆಯಲ್ಲಿ ನಾವು ಏನೇ ತುಂಬಿದರೂ ಅದು ಮೊದಲು ಅಕ್ಷರವಾಗಿಯೇ ಬರುತ್ತೆ. ನಾಲ್ಕಕ್ಕೆ ಎರಡು ಅಂಟಿ ನಲವತ್ತೆರಡಾಯ್ತು. ಮುಂದೆ ಗುಣಾಕಾರ, ವ್ಯವಕಲನ ಬಂದಾಗ ಆ ‘42’ ಸುಮ್ಮನೆ ಸಂಖ್ಯೆಯ ವೇಷ ಹಾಕಿಕೊಂಡಿತು. ಎಲ್ಲೂ ಎಡವಲಿಲ್ಲ, ಪುಟ ನಿಲ್ಲಲಿಲ್ಲ.

ಈ ತಪ್ಪು ಯಾರಿಗೆ ತಟ್ಟುತ್ತೆ ನೋಡಿ. ಒಂದೇ ಗಾಡಿ ತಂದವರ ಎರಡನೇ ಖಾನೆ ಖಾಲಿ, ಅಂಟೋಕೆ ಏನೂ ಇಲ್ಲ, ಲೆಕ್ಕ ಸರಿ. ಹುಡುಗ ಪರೀಕ್ಷೆ ಮಾಡಿದ್ದೂ ಒಂದೇ ಗಾಡಿಯ ಲೆಕ್ಕವನ್ನೇ. ದೊಡ್ಡ ರೈತರು ಮೊದಲ ಗಾಡಿಗೆ 40, ಎರಡನೆಯದಕ್ಕೆ 20 ಚೀಲ ತಂದರೆ 4,020 ಕೆಜಿ ಕಳೆದು ಮೊತ್ತ ಸೊನ್ನೆಗಿಂತ ಕೆಳಗೆ ಹೋಗುತ್ತೆ, ನೋಡಿದವರು ಅಲ್ಲೇ ನಗ್ತಾರೆ. ಯಾರ ಗಮನಕ್ಕೂ ಬಾರದೆ ರೊಕ್ಕ ಹೋಗೋದು ಎರಡು ಸಲ ಹೊತ್ತು ತಂದ ಸಣ್ಣ ರೈತರದ್ದು ಮಾತ್ರ. ಲೆಕ್ಕ ಕೇಳೋಕೆ ಹಿಂಜರಿಯುವವರೂ ಹೆಚ್ಚಾಗಿ ಅವರೇ.

ಹುಡುಗ ಬರೆದದ್ದು ಟೈಪ್‌ಸ್ಕ್ರಿಪ್ಟಿನಲ್ಲೇ. ಹಾಗಾದರೆ ತಪಾಸಣೆ ಎಲ್ಲಿ ಹೋಯ್ತು? ಕೇಳಿದಾಗ ಅವನು ಹೇಳಿದ್ದು: “ಅಣ್ಣಾ, ಬಿಲ್ಡ್ ಮಾಡುವಾಗ ಕೆಂಪು ಸಾಲು ಬರ್ತಿದ್ವು. ಯೂಟ್ಯೂಬ್‌ನಾಗ ಒಬ್ರು ಟಿಎಸ್‌ಸಿ ತೆಗೀರಿ ಅಂದ್ರು, ತೆಗೆದೆ. ಆಮ್ಯಾಲೆ ಸಲೀಸಾಗಿ ಪಾಸ್ ಆತು.” ಆ ಕೆಂಪು ಸಾಲುಗಳನ್ನು ಮತ್ತೆ ತರಿಸಿ ಒಂದೊಂದೇ ಓದಿದೆವು. ಅದರಲ್ಲಿ ಒಂದು ಹೇಳ್ತಿದ್ದದ್ದು ಇಷ್ಟೇ: ಗುಣಾಕಾರದ ಎಡಗಡೆ ಇರೋದು ಸಂಖ್ಯೆ ಆಗಿರಬೇಕು. ಅಜ್ಜಿ ಹಿಡಿದ ತಪ್ಪನ್ನು ಟಿಎಸ್‌ಸಿ ಅಂಗಡಿಗೆ ಹೋಗೋಕೆ ಮೊದಲೇ ಹಿಡಿದಿತ್ತು.

ಈಗ ಕಲಿಯೋ ಮಕ್ಕಳಿಗೆ ಕೆಲಸದ ಮಾತು. ವೀಟ್ ಬಳಸೋರು ಎರಡು ಕಡೆ ತಪಾಸಣೆ ಇಡಿ.

ಒಂದು, ಪ್ಯಾಕೇಜ್ ಫೈಲಿನ ಬಿಲ್ಡ್ ಸಾಲಿನಲ್ಲಿ. ವೀಟ್ ಕೊಡೋ ಟೈಪ್‌ಸ್ಕ್ರಿಪ್ಟ್ ಮಾದರಿಯಲ್ಲಿ ಮೊದಲು ಟಿಎಸ್‌ಸಿ, ಆಮೇಲೆ ವೀಟ್ ಬಿಲ್ಡ್, ನಡುವೆ ಎರಡು ಆ್ಯಂಪರ್ಸಂಡ್ ಗುರುತು ಇರುತ್ತೆ. ಮೊದಲನೆಯದು ಪಾಸಾದರೆ ಮಾತ್ರ ಎರಡನೆಯದು ಓಡಲಿ ಅಂತ ಅದರರ್ಥ. ಅದನ್ನು ತೆಗೀಬೇಡಿ.

ಎರಡು, ವೀಟ್-ಪ್ಲಗಿನ್-ಚೆಕರ್ ಅನ್ನೋ ಪ್ಲಗಿನ್. ಎನ್‌ಪಿಎಂನಿಂದ ಹಾಕಿಕೊಂಡು, ವೀಟ್ ಕಾನ್ಫಿಗ್ ಫೈಲಿನ ಪ್ಲಗಿನ್ ಪಟ್ಟಿಯಲ್ಲಿ ಸೇರಿಸಿ, ಟೈಪ್‌ಸ್ಕ್ರಿಪ್ಟ್ ನೋಡು ಅಂತ ಹೇಳಿದರೆ ಆಯ್ತು. ಇದು ಬೀಸೋ ಕೆಲಸಕ್ಕೆ ಅಡ್ಡ ಬರದೆ ಪಕ್ಕದಲ್ಲಿ ಬೇರೆಯಾಗಿ ಓಡುತ್ತೆ. ಪುಟ ಬೇಗನೇ ಕಾಣುತ್ತೆ, ತಪ್ಪಿದ್ದರೆ ಸ್ವಲ್ಪ ಹೊತ್ತಿಗೆ ಬ್ರೌಸರಿನ ಮೇಲೆಯೇ ತೋರಿಸುತ್ತೆ. ಬಿಲ್ಡ್ ಮಾಡುವಾಗಲೂ ನೋಡುತ್ತೆ.

ಇಲ್ಲೊಂದು ಮೋಸದ ಜಾಗ ಇದೆ. ಈಚಿನ ವೀಟ್ ಮಾದರಿಗಳಲ್ಲಿ ಮುಖ್ಯ ಟಿಎಸ್‌ಕಾನ್ಫಿಗ್ ಫೈಲಿನೊಳಗೆ ಫೈಲುಗಳ ಪಟ್ಟಿ ಖಾಲಿ ಇರುತ್ತೆ. ನಿಜವಾದ ವಿವರ ಇರೋದು ಟಿಎಸ್‌ಕಾನ್ಫಿಗ್ ಡಾಟ್ ಆ್ಯಪ್ ಅನ್ನೋ ಬೇರೆ ಫೈಲಿನಲ್ಲಿ. ಮುಖ್ಯ ಫೈಲಿನ ಮೇಲೆ ಟಿಎಸ್‌ಸಿಯನ್ನು ನೋಎಮಿಟ್ ಅಂತ ಮಾತ್ರ ಕೊಟ್ಟು ಓಡಿಸಿದರೆ ಅದು ಏನನ್ನೂ ನೋಡದೆ ‘ತಪ್ಪಿಲ್ಲ’ ಅನ್ನುತ್ತೆ. ಖಾಲಿ ಮೊರ ಕೇರಿದ ಹಾಗೆ. ಅದಕ್ಕೇ ಟಿಎಸ್‌ಸಿಗೆ ‘ಬಿ’ ಅನ್ನೋ ಆಯ್ಕೆ ಕೊಟ್ಟು ಓಡಿಸಬೇಕು. ಪ್ಲಗಿನ್ನಿಗೆ ಟಿಎಸ್‌ಕಾನ್ಫಿಗ್‌ಪಾತ್ ಅನ್ನೋ ಜಾಗದಲ್ಲಿ ಆ ಇನ್ನೊಂದು ಫೈಲಿನ ದಾರಿ ತೋರಿಸಬೇಕು.

ಬೇರೆ ಬಂಡ್ಲರ್ ಬಳಸೋರಿಗೂ ಎರಡು ಮಾತು. ವೆಬ್‌ಪ್ಯಾಕಿನಲ್ಲಿ ಟಿಎಸ್-ಲೋಡರ್ ತಾನೇ ತಪಾಸಣೆ ಮಾಡುತ್ತೆ. ವೇಗಕ್ಕಾಗಿ ಟ್ರಾನ್ಸ್‌ಪೈಲ್‌ಓನ್ಲಿ ಹಾಕಿದರೆ ಟೈಪ್ ನೋಡೋದು ಬಿಡುತ್ತೆ. ಆಗ ಫೋರ್ಕ್-ಟಿಎಸ್-ಚೆಕರ್ ಪ್ಲಗಿನ್ ಜೊತೆಗಿಡಬೇಕು. ರೋಲಪ್ಪಿನ ಅಧಿಕೃತ ಟೈಪ್‌ಸ್ಕ್ರಿಪ್ಟ್ ಪ್ಲಗಿನ್ ತಪ್ಪು ಕಂಡರೂ ಎಚ್ಚರಿಕೆ ಕೊಟ್ಟು ಮುಂದೆ ಸಾಗುತ್ತೆ. ನೋಎಮಿಟ್‌ಆನ್‌ಎರರ್ ಅನ್ನು ಟ್ರೂ ಮಾಡಿದರೆ ಮಾತ್ರ ನಿಲ್ಲುತ್ತೆ. ರೋಲಪ್ಪಿಗೆ ಇರೋ ಇನ್ನೊಂದು ಪ್ಲಗಿನ್, ರೋಲಪ್-ಪ್ಲಗಿನ್-ಟೈಪ್‌ಸ್ಕ್ರಿಪ್ಟ್2, ಏನೂ ಹೇಳದಿದ್ದರೂ ತಪ್ಪು ಕಂಡಲ್ಲಿ ನಿಲ್ಲುತ್ತೆ. ಅದರ ಚೆಕ್ ಆಯ್ಕೆಯನ್ನು ಫಾಲ್ಸ್ ಮಾಡಿದರೆ ನೋಡೋದೇ ಇಲ್ಲ.

ಇಷ್ಟೆಲ್ಲಾ ನೆನಪಿಟ್ಟುಕೊಳ್ಳೋದು ಕಷ್ಟ ಅನ್ನೋರಿಗೆ ಒಂದೇ ಪರೀಕ್ಷೆ. ಸಂಖ್ಯೆ ಅಂತ ಚೀಟಿ ಹಚ್ಚಿದ ಕಡೆ ಬೇಕಂತಲೇ ನಿಮ್ಮ ಊರಿನ ಹೆಸರು ಬರೆದು ಬಿಲ್ಡ್ ಮಾಡಿ. ನಿಂತರೆ ತಪಾಸಣೆ ಇದೆ. ಪಾಸಾದರೆ ತಪಾಸಣೆ ಇಲ್ಲ, ಇಲ್ಲವೇ ಇದ್ದರೂ ತಪ್ಪಿಗೆ ಬಿಲ್ಡ್ ನಿಲ್ಲಿಸೋದಿಲ್ಲ. ಯಾವ ಬಂಡ್ಲರ್, ಯಾವ ಪ್ಲಗಿನ್ ಆದರೂ ಈ ಪರೀಕ್ಷೆ ನಡೆಯುತ್ತೆ. ನೋಡಿದ ಮೇಲೆ ಆ ಸಾಲು ಅಳಿಸೋದು ಮರೀಬೇಡಿ.

ತಪಾಸಣೆಗೂ ಒಂದು ಮಿತಿ ಇದೆ. ‘ಎನಿ’ ಅಂತ ಚೀಟಿ ಹಚ್ಚಿದರೆ ಏನು ಬೇಕಾದರೂ ಇರಲಿ ಅಂತ ಅರ್ಥ, ಅಲ್ಲಿ ಟಿಎಸ್‌ಸಿ ಸುಮ್ಮನಾಗುತ್ತೆ. ಇನ್ನೊಂದು ನಮ್ಮ ಕನ್ನಡದ್ದೇ ತೊಡಕು. ಅಕ್ಷರವನ್ನು ಸಂಖ್ಯೆ ಮಾಡೋಕೆ ಜಾವಾಸ್ಕ್ರಿಪ್ಟಿನಲ್ಲಿ ‘ನಂಬರ್’ ಅನ್ನೋ ಸೌಲಭ್ಯ ಇದೆ. ಅದಕ್ಕೆ ಕನ್ನಡ ಅಂಕಿ ತಿಳಿಯೋದಿಲ್ಲ. ಕನ್ನಡ ಕೀಲಿಮಣೆಯಲ್ಲಿ ಯಾರಾದರೂ ‘೪’ ಅಂತ ಒತ್ತಿದರೆ ‘ಸಂಖ್ಯೆ ಅಲ್ಲ’ ಅನ್ನೋ ಉತ್ತರ ಬರುತ್ತೆ. ‘1,200’ ಅಂತ ನಡುವೆ ಅಲ್ಪವಿರಾಮ ಹಾಕಿದರೂ ಅದೇ ಗತಿ. ವಿಚಿತ್ರ ಅಂದರೆ ‘ಸಂಖ್ಯೆ ಅಲ್ಲ’ ಅನ್ನೋ ಆ ಉತ್ತರವನ್ನೂ ಭಾಷೆ ಸಂಖ್ಯೆಗಳ ಜಾತಿಗೇ ಸೇರಿಸಿದೆ, ಹಾಗಾಗಿ ಟೈಪ್ ತಪಾಸಣೆ ಅದನ್ನು ಹಿಡಿಯೋದಿಲ್ಲ. ನಮ್ಮ ಜನ ಬಳಸೋ ಪುಟದಲ್ಲಿ ಇದನ್ನು ಬರೆಯೋರೇ ನೋಡಿಕೊಳ್ಳಬೇಕು. ಕನ್ನಡ ಅಂಕಿ ಬಂದರೆ ಬದಲಿಸಿಕೊಳ್ಳಬೇಕು, ಅಲ್ಪವಿರಾಮ ತೆಗೀಬೇಕು, ಆಗಲೂ ಸಂಖ್ಯೆ ಬಾರದಿದ್ದರೆ ಚೀಟಿ ಬರೆಯದೆ ನಿಲ್ಲಿಸಬೇಕು.

ತಪಾಸಣೆ ನಿಧಾನ ಅನ್ನೋ ದೂರೂ ಬಹಳ ದಿನ ಉಳಿಯೋದಿಲ್ಲ. ಟೈಪ್‌ಸ್ಕ್ರಿಪ್ಟ್ ಕಂಪೈಲರನ್ನು ಗೋ ಭಾಷೆಯಲ್ಲಿ ಹೊಸದಾಗಿ ಬರೀತಿದ್ದೇವೆ ಅಂತ ಅದನ್ನು ರೂಪಿಸಿದ ಆಂಡರ್ಸ್ ಹೆಯ್ಲ್ಸ್‌ಬರ್ಗ್ 2025ರ ಮಾರ್ಚಿನಲ್ಲಿ ಹೇಳಿದರು. ವಿಎಸ್ ಕೋಡ್ ಎಡಿಟರಿನ ಸುಮಾರು 15 ಲಕ್ಷ ಸಾಲು ನೋಡೋಕೆ ಹಳೆಯದಕ್ಕೆ 77.8 ಸೆಕೆಂಡ್ ಬೇಕಿತ್ತು, ಹೊಸದಕ್ಕೆ 7.5 ಸೆಕೆಂಡ್ ಸಾಕಾಯ್ತು. ಅಂಗಡಿ ಲೆಕ್ಕದಂಥ ಸಣ್ಣ ಪುಟಕ್ಕೆ ಹಳೆಯದೇ ಕೆಲವು ಸೆಕೆಂಡಿನಲ್ಲಿ ಮುಗಿಸುತ್ತೆ, ಹಳೇ ಲ್ಯಾಪ್‌ಟಾಪ್ ಇದ್ದರೂ ಸರಿ.

ಮನೆಯಲ್ಲಿ ಕೋಡಿಂಗ್ ಕಲಿಯೋ ಮಕ್ಕಳಿದ್ದರೆ ‘ಮುಗೀತಾ?’ ಅಂತ ಕೇಳೋದರ ಜೊತೆಗೆ ‘ಹಸನು ಮಾಡೀಯೇನು?’ ಅಂತಲೂ ಒಂದು ಮಾತು ಕೇಳಿ. ಕಂಪ್ಯೂಟರ್ ಕೊಟ್ಟ ಚೀಟಿ ಅಂತ ನೀವೂ ಸುಮ್ಮನೆ ಜೇಬಿಗೆ ಹಾಕಬೇಡಿ. ಎಷ್ಟು ಚೀಲ, ಎಷ್ಟು ಕಳೆದಿದ್ದಾರೆ ಅಂತ ಅಂಗಡಿ ಮುಂದೆಯೇ ನಿಂತು ಒಂದು ಸಲ ಓದಿಸಿಕೊಳ್ಳಿ.