ಎಂಬಿಬಿಎಸ್ ಜೊತೆಗೇ ಎಂಪಿಎಚ್ ಓದಿಸಿ

ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದ ವೈದ್ಯಾಧಿಕಾರಿಯ ಮೇಜನ್ನೊಮ್ಮೆ ನೋಡಬೇಕು. ಔಷಧದ ಇಂಡೆಂಟ್, ಆಶಾ ಕಾರ್ಯಕರ್ತೆಯರ ಪ್ರೋತ್ಸಾಹಧನದ ಪಟ್ಟಿ, ಆರೋಗ್ಯ ರಕ್ಷಾ ಸಮಿತಿಯ ಲೆಕ್ಕ, ಲಸಿಕೆಯ ಫ್ರಿಜ್ 2ರಿಂದ 8 ಡಿಗ್ರಿಯೊಳಗೆ ಇದೆಯೇ ಎಂದು ದಿನಕ್ಕೆರಡು ಸಲ ಬರೆದಿಡುವ ಪುಸ್ತಕ. ಎಲ್ಲಕ್ಕೂ ಅವರೇ ಹೊಣೆ. ಬಾಗಿಲಾಚೆ ರೋಗಿಗಳ ಸಾಲು. ಬಯಲು ಪ್ರದೇಶದಲ್ಲಿ ಇಂಥ ಒಂದು ಕೇಂದ್ರದ ಪಾಲಿಗೆ 30,000 ಜನ. ಐದೂವರೆ ವರ್ಷದ ಎಂಬಿಬಿಎಸ್ ಅವರಿಗೆ ರೋಗ ಪತ್ತೆಹಚ್ಚಲು ಕಲಿಸಿರುತ್ತದೆ. ಬಜೆಟ್ ಓದಲು, ಸಿಬ್ಬಂದಿಯನ್ನು ನಡೆಸಲು, ಒಂದೇ ಊರಿನ ಹತ್ತು ಜ್ವರಗಳ ಹಿಂದಿನ ಕಾರಣ ಹುಡುಕಲು ಸಾಕಷ್ಟು ಕಲಿಸಿರುವುದಿಲ್ಲ. ಹೀಗೆ ಶುರುವಾದವರೇ ಮುಂದೆ ಸೇವಾ ಹಿರಿತನದ ಮೇಲೆ ತಾಲ್ಲೂಕಿನ, ಜಿಲ್ಲೆಯ ಆರೋಗ್ಯಾಧಿಕಾರಿಗಳಾಗುವುದು ನಮ್ಮಲ್ಲಿ ಬಂದ ರೂಢಿ. ಇದು ವೈದ್ಯರಿಗೂ ಅನ್ಯಾಯ, ಜನರಿಗೂ ಅನ್ಯಾಯ.

ಹಾಗಾಗಿ ಆಸಕ್ತ ವಿದ್ಯಾರ್ಥಿಗಳಿಗೆ ಎಂಬಿಬಿಎಸ್ ಜೊತೆಗೇ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ (ಎಂಪಿಎಚ್) ಓದುವ ದಾರಿ ತೆರೆಯಬೇಕು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯ ಪದವಿ ಮತ್ತು ವಾರ್ಟನ್ ಶಾಲೆಯ ಎಂಬಿಎ ಎರಡನ್ನೂ ಐದು ವರ್ಷದಲ್ಲಿ ಮುಗಿಸಬಹುದು. ಬೇರೆ ಬೇರೆ ಓದಿದರೆ ಆರು ವರ್ಷ ಬೇಕು. ಒಟ್ಟಿಗೆ ಕಲಿಸುವ ಆ ಕ್ರಮ ನಮಗೂ ಬೇಕು, ಎಂಬಿಎ ಮಾತ್ರ ಬೇಡ. ಆಸ್ಪತ್ರೆಯ ಹಾಸಿಗೆ ತುಂಬಿಸುವ ವಿದ್ಯೆಗಿಂತ ಜನ ಆ ಹಾಸಿಗೆಗೆ ಬರದಂತೆ ತಡೆಯುವ ವಿದ್ಯೆ ನಮ್ಮ ತಾಲ್ಲೂಕುಗಳಿಗೆ ತುರ್ತಾಗಿ ಬೇಕಿದೆ. ನೆರೆಯ ತಮಿಳುನಾಡಿನಲ್ಲಿ 1939ರಿಂದಲೇ ಸಾರ್ವಜನಿಕ ಆರೋಗ್ಯ ಕಾಯ್ದೆ ಇದೆ, ಅದಕ್ಕೆಂದೇ ಪ್ರತ್ಯೇಕ ನಿರ್ದೇಶನಾಲಯವಿದೆ, ತರಬೇತಾದ ಅಧಿಕಾರಿಗಳ ಪಡೆಯೂ ಇದೆ. ನಮ್ಮ ಕರ್ನಾಟಕದಲ್ಲಿ ಡಾ. ಎಚ್. ಸುದರ್ಶನ್ ನೇತೃತ್ವದ ಆರೋಗ್ಯ ಕಾರ್ಯಪಡೆ ಸಾರ್ವಜನಿಕ ಆರೋಗ್ಯದ ಕಡೆಗಣನೆಯನ್ನು ಎತ್ತಿ ತೋರಿಸಿದ್ದು 2001ರಲ್ಲಿ. ಪ್ರತಿ ರಾಜ್ಯಕ್ಕೂ ಸಾರ್ವಜನಿಕ ಆರೋಗ್ಯ ನಿರ್ವಹಣಾ ವೃಂದ ಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯೂ ಹೇಳಿತು. ಹುದ್ದೆ ಸೃಷ್ಟಿಸಿದರಷ್ಟೇ ಸಾಲದು, ಅದರಲ್ಲಿ ಕೂರುವವರನ್ನು ಕಾಲೇಜಿನಲ್ಲೇ ತಯಾರು ಮಾಡಬೇಕು.

ಸಮುದಾಯ ವೈದ್ಯಶಾಸ್ತ್ರದ ಎಂಡಿ ಇರುವಾಗ ಇದೇಕೆ ಎನ್ನುವವರಿದ್ದಾರೆ. ಮೂರು ವರ್ಷದ ಆ ಪದವಿ ಪಡೆದ ಹಲವರು ವೈದ್ಯಕೀಯ ಕಾಲೇಜುಗಳ ಬೋಧಕರಾಗುತ್ತಾರೆ. ತಾಲ್ಲೂಕು ಕಚೇರಿಗಳನ್ನೆಲ್ಲ ತುಂಬುವಷ್ಟು ಮಂದಿ ಅಲ್ಲಿಂದ ಬರಲಾರರು. ಓದು ಇನ್ನೂ ಉದ್ದವಾಗುತ್ತದೆ ಎಂಬ ಆಕ್ಷೇಪಕ್ಕೆ ತೂಕವಿದೆ. ಅದಕ್ಕೂ ದಾರಿಯುಂಟು: ಕರ್ನಾಟಕದ 2012ರ ಕಾಯ್ದೆ ಕಡ್ಡಾಯಗೊಳಿಸಿದ್ದಂಥ ಒಂದು ವರ್ಷದ ಸೇವೆಯನ್ನೇ ಎಂಪಿಎಚ್‌ನ ಕ್ಷೇತ್ರಕಾರ್ಯವೆಂದು ಪರಿಗಣಿಸಬಹುದು. ಎರಡು ಪದವಿ ಹಿಡಿದವರು ಕಾರ್ಪೊರೇಟ್ ಆಸ್ಪತ್ರೆಗೆ ಹೋಗಿಬಿಡುತ್ತಾರೆ ಎಂಬುದು ಇವೆಲ್ಲಕ್ಕಿಂತ ಗಟ್ಟಿ ಆಕ್ಷೇಪ. ಸರ್ಕಾರ ಶುಲ್ಕ ಭರಿಸಲಿ, ಪ್ರತಿಯಾಗಿ ಕೆಲವು ವರ್ಷದ ಸೇವೆಯ ಬಾಂಡ್ ಬರೆಸಿಕೊಳ್ಳಲಿ. ಆದರೆ ಬಾಂಡ್ ಮುಗಿದ ಮೇಲೂ ಉಳಿಯುವಂಥ ಬಡ್ತಿಯ ಹಾದಿ ಕೊಡದಿದ್ದರೆ ಯಾರೂ ನಿಲ್ಲುವುದಿಲ್ಲ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ಆರೋಗ್ಯ ಇಲಾಖೆ ಕೂಡಿ ಕುಳಿತು, ರಾಷ್ಟ್ರೀಯ ವೈದ್ಯಕೀಯ ಆಯೋಗದ ಒಪ್ಪಿಗೆ ಕೇಳಲಿ. ಒಂದೆರಡು ಸರ್ಕಾರಿ ಕಾಲೇಜುಗಳಲ್ಲಿ ಕೆಲವೇ ಸೀಟುಗಳೊಂದಿಗಾದರೂ ಇದು ಶುರುವಾಗಲಿ.